ನಾಲ್ಕು ನಿಮಿಷ ಫೋನ್ ಮುಟ್ಟಬ್ಯಾಡ್ರಿ

"ನನ್ನ ನೆನಪಿಗೇನು ಹುಳ ಹತ್ತ್ಯಾವೇನು?" ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತ ನೆರೆಮನೆಯ ಹಣಮಪ್ಪ ಗದರಿದ. "ವಿಠ್ಠಲರಾಯ ಡ್ರೈವರ್ ಇದ್ದ. ‘ಬ್ಲಾಕ್ ಡ್ರೈವರ್ ಕೆಲಸ ನಡದದ’ ಅಂತ ಅವನ ಬಾಯಿಂದ್ಲೇ ಕೇಳೀನಿ. ವಾಡಿ ಸ್ಟೇಷನ್ದಾಗ ಮೂವತ್ತು ವರ್ಷ ಹಳಿ ಬದಲಿಸೋ ಪಾಯಿಂಟ್ಸ್‌ಮನ್ ಇದ್ದವ ನಾ. ಬ್ಲಾಕ್ ಅಂದ್ರ ನನಗ ಗೊತ್ತಿಲ್ಲೇನು?"

"ಕಾಕಾ, ಅಪ್ಪ ಫ್ಯಾಕ್ಟರ್‍ಯಾಗ ಕಾರಕೂನ ಇದ್ರು," ಎಂದಳು ವಿಠ್ಠಲರಾಯರ ಮಗಳು ವಂದನಾ. "ಮನ್ಯಾಗ ಕುಂತು ಕಂಪ್ಯೂಟರ್ ಡ್ರೈವರ್ ತಿದ್ತಿದ್ರು. ಬ್ಲಾಕ್ ಡ್ರೈವರ್ ಅಂದ್ರ ಡಿಸ್ಕಿನ್ಯಾಗಿನ ಮಾಹಿತಿ ತರೋ ಪ್ರೋಗ್ರಾಮು. ಈಗ ನಾಲ್ಕು ನಿಮಿಷ ಯಾರೂ ಫೋನ್ ಮುಟ್ಟಬ್ಯಾಡ್ರಿ!"

ಅಪ್ಪ ತಿದ್ದಿ ಮುಗಿಸಿದ್ದನ್ನು ಸಂಜೆ ನಾಲ್ಕರೊಳಗೆ ಇ-ಮೇಲಿನಲ್ಲಿ ಕಳಿಸದಿದ್ದರೆ ಆ ಪ್ರೋಗ್ರಾಮಿನ ಹೊಸ ಆವೃತ್ತಿಗೆ ಸೇರುವುದಿಲ್ಲ. ಇಂಟರ್ನೆಟ್ಟಿಗೂ ಸಾವಿನ ಸುದ್ದಿಗೂ ಮನೆಯಲ್ಲಿದ್ದುದು ಒಂದೇ ಫೋನ್ ಲೈನು. ಮೂರು ಸಲ ಕಳಿಸಲು ಕೂತಾಗಲೂ ಯಾರೋ ರಿಸೀವರ್ ಎತ್ತಿ ಸಂಪರ್ಕ ಕಡಿದಿದ್ದರು.

*

"ಎರಡು ವರ್ಷ ಕುಂತು ಏನು ಬರದ್ರಿ?" ಹೋದ ಬೇಸಿಗೆಯಲ್ಲಿ ವಿಠ್ಠಲರಾಯರನ್ನು ಹೆಂಡತಿ ಅನಸೂಯಾಬಾಯಿ ಕೇಳಿದ್ದರು.

"ಬರದಿಲ್ಲ. ನಾನೂರು ಸಾಲು ಅಳಿಸೀನಿ."

"ಅಳಸ್ಲಿಕ್ಕೆ ಎರಡು ವರ್ಷ ಬೇಕೇನ್ರಿ?"

"ಮೂರು ಥರದ ಡಿಸ್ಕಿಗೆ ಮೂರು ಬಾಗಿಲಾ ಇಟ್ಟಾರ. ಎಲ್ಲಾ ಒಂದರಾಗೇ ಬರಲಿ ಅಂತ ನಾ. ಯಾವ ಗ್ವಾಡಿ ಕೆಡವಿದ್ರ ಮನಿ ಬೀಳ್ತದ, ಯಾವದು ಕೆಡವಿದ್ರ ಬೀಳಂಗಿಲ್ಲ, ನೋಡಬೇಕಲ್ಲ?"

"ಮೊದಲ ಆ ಸೋರೋ ನಳ ನೋಡ್ರಿ."

*

ಮೂರೂ ಐವತ್ತು. ನಾಲ್ಕನೆಯ ಸಲ ಮೋಡೆಮ್ ಕಿರುಗುಟ್ಟಿತು. ಸೇಡಮ್ಮಿನ ಸೋದರತ್ತೆ ರಿಸೀವರಿಗೆ ಕೈಚಾಚಿದಳು. "ಹೆಣ ಯಾವಾಗ ಎತ್ತತಾರಂತ ಚಿಂಚೋಳಿಯವರು ಕೇಳ್ಯಾರವ್ವಾ, ಒಂದs ಮಾತು—"

"ಅತ್ತೀ!" ವಂದನಾ ಕೂಗಿದಳು. "ನಾಕಕ್ಕ ಮುಗೀತದ. ಅಪ್ಪಂದು ಎಲ್ಲಾ ಹೋಗ್ತದ."

ಹಣಮಪ್ಪ ಬಿದಿರು ಬಿಟ್ಟು ಒಳಗೆ ನುಗ್ಗಿದ. ಫೋನಿನ ಮೇಲೆ ಟವೆಲ್ ಹಾಕಿ ಎರಡೂ ಕೈ ಊರಿ ನಿಂತ.

"ಲೈನ್ ಬ್ಲಾಕ್ ಆಗ್ಯಾದ! ಒಂದು ಗಾಡಿ ದಾಟೋತನಕ ಇನ್ನೊಂದು ಬಿಡಂಗಿಲ್ಲ. ಹಿಂದ ಸರೀರಿ."

"ಹೆಣ ಮನ್ಯಾಗ ಇಟಗೊಂಡು ಇದೇನ್ರಿ ಹುಚ್ಚು?" ಪುರೋಹಿತ ಶ್ರೀರಾಮಾಚಾರ್ಯರು ರೇಗಿದರು.

"ಅವಂದೇ ಗಾಡಿ ಅದ ಆಚಾರ್‍ರ. ಸುಮ್ಮ ನಿಂದರ್ರಿ."

ಪತ್ರದ ಕೊನೆಗೆ ತಿದ್ದಿದವರ ಹೆಸರು, ಅದರ ಕೆಳಗೆ ಕಳಿಸುವವರ ಹೆಸರು ಇರಬೇಕು. ವಂದನಾ ಎರಡನ್ನೂ ಹೊಡೆದು ಕಳಿಸಿದಳು. ಮೋಡೆಮ್ಮಿನ ದೀಪ ಮಿಣುಕಿತು, ತಡೆಯಿತು, ಮತ್ತೆ ಮಿಣುಕಿತು.

"ಹೋತು, ಕಾಕಾ."

ಹಣಮಪ್ಪ ಟವೆಲ್ ತೆಗೆದು ರಿಸೀವರನ್ನು ಅತ್ತೆಯ ಕೈಗಿತ್ತ. "ಈಗ ಹಚ್ಚರಿ. ವಿಠ್ಠಲರಾಯಂದು ಮುಟ್ಟಿತು ಅಂತ ಚಿಂಚೋಳಿಯವರಿಗೆ ಹೇಳ್ರಿ. ಅವರು ಚಿಮ್ಮನಚೋಡದವರಿಗೆ ಹೇಳಲಿ."

ಗೋಪಿಚಂದನ ತೇಯುತ್ತಿದ್ದ ಅನಸೂಯಾಬಾಯಿ ಎದ್ದು ಕಂಪ್ಯೂಟರಿನ ಪರದೆಯ ಮುಂದೆ ಬಂದರು. ಅವರಿಗೆ ಇಂಗ್ಲಿಷ್ ಓದಲು ಬಾರದು.

"ಇದರಾಗ ಅವರ ಹೆಸರು ಯಾವದವ್ವಾ?"

ವಂದನಾ ತೋರಿಸಿದಳು. ಅಮ್ಮ ಆ ಹೆಸರಿನ ಮೇಲೆ ಒದ್ದೆ ಬೆರಳಿಟ್ಟರು. ತೆಗೆದಾಗ ಗಾಜಿನ ಮೇಲೆ ಚಂದನದ ಗುರುತು ಉಳಿದು, ಹೆಸರು ಅದರ ಹಿಂದಿನಿಂದ ಹೊಳೆಯುತ್ತಿತ್ತು.