ಐದನೆಯ ಜಿಂಕೆ

ವನಮಾಲಾ ನನ್ನ ಮುಚ್ಚಳವನ್ನು ಅರ್ಧ ಒರೆಸಿದ್ದಳು, ಅಷ್ಟರಲ್ಲಿ ಕುಕ್ಕರ್ ಕೂಗಿತು. ಎಣ್ಣೆ ಬಟ್ಟೆಯನ್ನು ನನ್ನ ಮೇಲೇ ಬಿಟ್ಟು ಅಡುಗೆಮನೆಗೆ ಓಡಿದಳು. ಅವಳು ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೇಳು ವರ್ಷಗಳಿಂದ ಪ್ರತಿ ಶುಕ್ರವಾರ ಹೀಗೆಯೇ. ನನ್ನ ಅರ್ಧ ಮೈ ಮಿಂಚುತ್ತದೆ, ಉಳಿದರ್ಧ ಕಾಯುತ್ತದೆ. ನಾನು ಬೀಟೆ ಮರದ ಪೆಟ್ಟಿಗೆ. ವಯಸ್ಸು ಎಪ್ಪತ್ತು ದಾಟಿತು. ದಣಿದಿದ್ದೇನೆ.

ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಕಿರಿದಾದ ಮನೆಯಲ್ಲಿ. ಮಾಡಿದವರು ಖಾಸಿಂ ಸಾಬರು ಎಂದು ಎಲ್ಲರೂ ಹೇಳುತ್ತಾರೆ. ಪೆಟ್ಟಿಗೆ ಕಟ್ಟಿದ್ದು ಅವರೇ, ನಿಜ. ಆದರೆ ಮುಚ್ಚಳದ ಚಿತ್ರದ ಚೂರುಗಳನ್ನೆಲ್ಲ ಕೂದಲೆಳೆಯಂಥ ಗರಗಸದಿಂದ ಕೊಯ್ದವರು ಅವರ ಹೆಂಡತಿ ಖೈರುನ್ನಿಸಾ. ಹಲಸಿನ ಮರದ ಹಳದಿ ದಡ, ಕರಿಮರದ ಬಂಡೆ, ಕೊಳಕ್ಕೆ ಸಾಲಾಗಿ ಹೊರಟ ಐದು ದಂತದ ಜಿಂಕೆ. ದಂತದ ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಒಟ್ಟಿಗೆ ಕೊಯ್ದಿದ್ದರು. ಐದೂ ಒಂದೇ ಅಚ್ಚು. ಆಮೇಲೆ ಅವನ್ನು ಮುಚ್ಚಳದ ಮೇಲೆ ಹರಡಿ, ಸುತ್ತ ಸೂಜಿಯಿಂದ ಗೆರೆ ಎಳೆದು, ಗೆರೆಯೊಳಗಿನ ಮರ ತೋಡಿ ಗೂಡು ಮಾಡಿ ಕೂರಿಸಬೇಕು. ಮರದ ಚೂರಾದರೆ ನಾರು ನೋಡಿ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯುತ್ತದೆ. ದಂತಕ್ಕೆ ಎರಡೂ ಬದಿ ಒಂದೇ. ಹರಡುವಾಗ ಕೊನೆಯ ಜಿಂಕೆ ಮಗುಚಿಕೊಂಡಿತು. ಕಣ್ಣು ಮಂಜಾಗಿದ್ದ ಸಾಬರು ಅದು ಬಿದ್ದ ಹಾಗೆಯೇ ಗೆರೆ ಎಳೆದು ತೋಡಿದರು. ಅಂಟು ಒಣಗಿದ ಮೇಲೆ ನೋಡಿದರೆ, ನಾಲ್ಕು ನೀರಿನ ಕಡೆಗೆ, ಒಂದು ಕಾಡಿನ ಕಡೆಗೆ.

“ಏನೇ ಇದು, ಎಲ್ಲಾ ನೀರಿಗೆ ಹೊರಟ್ರೆ ಇದೊಂದು ವಾಪಸ್ ಹೋಗ್ತಿದೆ?”

ಖೈರುನ್ನಿಸಾ ತೊಡೆಯ ಮೇಲಿನ ಕೂಸನ್ನು ತಟ್ಟುತ್ತಾ ಹೇಳಿದರು: “ಅದ್ರದ್ದು ಕುಡಿದಾಯ್ತು. ಇನ್ನೆಷ್ಟು ಕುಡೀಬೇಕು, ಪಾಪ?”

ಸಾಬರು ನಕ್ಕುಬಿಟ್ಟರು. ಅದು ತಪ್ಪೋ, ಬೇಕೆಂದೇ ಮಾಡಿದ್ದೋ ನನಗೆ ಇವತ್ತಿಗೂ ತಿಳಿಯದು.

ಮದುವೆಯ ಉಡುಗೊರೆಯಾಗಿ ಅಗ್ರಹಾರದ ಅಂಬುಜಮ್ಮನ ಕೈ ಸೇರಿದೆ. ಕುಂಕುಮದ ಭರಣಿ, ಬಾಚಣಿಗೆ, ತುಂಡು ಲೇಸು, ಇವೇ ನನ್ನ ಹೊಟ್ಟೆಯಲ್ಲಿ. ದಿನಾ ಬೆಳಗ್ಗೆ ಮುಚ್ಚಳ ತೆರೆಯುವ ಮುಂಚೆ ಅವರ ಹೆಬ್ಬೆರಳು ಐದನೆಯ ಜಿಂಕೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಅದರ ಬೆನ್ನು ಸವೆದದ್ದು ಹಾಗೆ. ಹಾಸಿಗೆ ಹಿಡಿದ ಮೇಲೆ ನನ್ನನ್ನು ಸೊಸೆ ವನಮಾಲಾಳ ಮಡಿಲಿಗೆ ಹಾಕಿದರು. “ಈ ಮೊಂಡು ಜಿಂಕೇನ ನೋಡ್ಕೊಳ್ಳೇ” ಎಂದರು. ಸೊಸೆ ನನ್ನನ್ನು ನೋಡಿಕೊಂಡಳು, ಅವರನ್ನೂ ಎಂಟು ವರ್ಷ ನೋಡಿಕೊಂಡಳು.

ವನಮಾಲಾ ಸರ್ಕಾರಿ ಶಾಲೆಯ ಟೀಚರು. ನನ್ನಲ್ಲಿ ಅವಳು ಇಡುವುದು ಕಾಗದಪತ್ರ. ಅದರಲ್ಲಿ ಎರಡು ಪತ್ರಗಳ ನಕಲು ಒಂದೇ ಥರ: ‘ಕೌಟುಂಬಿಕ ಕಾರಣಗಳಿಂದ ನನಗೆ ಮುಖ್ಯೋಪಾಧ್ಯಾಯಿನಿಯ ಬಡ್ತಿ ಬೇಡ.’ ಮೊದಲನೆಯದು ಮಗನ ಹತ್ತನೇ ಕ್ಲಾಸಿಗೆ. ಎರಡನೆಯದು ಅತ್ತೆಯ ಹಾಸಿಗೆಗೆ. ಈಗ ಮಗನಿಗೆ ಮದುವೆಯಾಗಿದೆ, ಅತ್ತೆ ಇಲ್ಲ. ಮೂರನೆಯ ಸಲ ಬಡ್ತಿ ಬಂದಿದೆ, ಪಿರಿಯಾಪಟ್ಟಣದ ಆಚೆಯ ಒಂದು ಶಾಲೆಗೆ. ಅಲ್ಲೇ ಮನೆ ಮಾಡಿಕೊಂಡು ಇರಬೇಕು. ಬೇಡವೆಂದು ಇವತ್ತು ಸಂಜೆಯೊಳಗೆ ಬರೆದುಕೊಡದಿದ್ದರೆ ಒಪ್ಪಿಕೊಂಡ ಹಾಗೆ.

“ನಿವೃತ್ತಿ ಆದ್ಮೇಲೆ ನಾನೊಬ್ನೇ ಇಲ್ಲಿ ಗೋಡೆ ನೋಡ್ಕೊಂಡು ಕೂರ್ಲಾ?” ಎಂದು ಗಂಡ ಶ್ರೀಕಂಠ ನಿನ್ನೆ ತಾನೇ ಕೂತು ಬೇಡವೆನ್ನುವ ಮೂರನೆಯ ಪತ್ರ ಹೇಳಿ ಬರೆಸಿದ. ಅವಳು ಬರೆದು, ಸಹಿ ಮಾಡಿ, ನನ್ನೊಳಗೆ ಇಟ್ಟಳು.

ಶ್ರೀಕಂಠನಿಗೆ ಎಲ್ಲವೂ ನೆಟ್ಟಗಿರಬೇಕು. ಮೊನ್ನೆ ಅವನ ಸ್ನೇಹಿತನೊಬ್ಬ ಜಿಂಕೆ ನೋಡಿ ನಕ್ಕನೆಂದು ಪಾಲಿಶ್ ಕೆಲಸದ ಇಮ್ದಾದರನ್ನು ಕರೆಸಿದ್ದ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಜಿಂಕೆಯ ಅಂಚನ್ನು ಸವರಿದರು.

“ತಿರುಗ್ಸಕ್ಕಾಗಲ್ಲ ಸಾರ್. ಗೂಡು ಈ ಮುಖಕ್ಕೇ ತೋಡವ್ರೆ. ಕಿತ್ತು ತಿರುಗ್ಸಿದ್ರೆ ಕೂರಲ್ಲ.”

“ಹಾಗಾದ್ರೆ ಕಿತ್ತಾಕಿ ಪ್ಲಾಸ್ಟಿಕ್ಕಿಂದು ಕೂರ್ಸಿ.”

“ಕೂರಿಸ್ಬೋದು. ಸುತ್ತ ಮೇಣ ತುಂಬ್ಬೇಕು. ತೇಪೆ ಹಾಕ್ದಂಗೆ ಕಾಣ್ತದೆ.”

“ಬೇಡ ಬಿಡಿ” ಎಂದಳು ವನಮಾಲಾ, ಕಾಫಿ ಲೋಟ ಇಡುತ್ತಾ.

“ನೀನು ಸುಮ್ನಿರೇ. ನೋಡಿದವ್ರು ನಗ್ತಾರೆ” ಎಂದ ಶ್ರೀಕಂಠ. ಇಮ್ದಾದರಿಗೆ ಭಾನುವಾರ ಬರಲು ಹೇಳಿದ. ಅಂದಿನಿಂದ ಆ ಜಿಂಕೆ ಇರುವ ಕಡೆ ನನಗೆ ಏನೋ ನೋವು. ಪೆಟ್ಟಿಗೆಗೆ ಎಂಥ ನೋವು ಎನ್ನಬೇಡಿ. ಎಪ್ಪತ್ತು ವರ್ಷ ಮೈಗೆ ಅಂಟಿಕೊಂಡಿದ್ದು ಅದು.

ಕುಕ್ಕರ್ ಇಳಿಸಿ, ಗಂಡನ ಮಧ್ಯಾಹ್ನದ ಊಟ ಮುಚ್ಚಿಟ್ಟು, ಸೀರೆ ಉಟ್ಟುಕೊಂಡು ವನಮಾಲಾ ನನ್ನ ಬಳಿಗೆ ಬಂದಳು. ಮುಚ್ಚಳ ತೆಗೆದಳು. ನಿನ್ನೆಯ ಪತ್ರವನ್ನು ಕೈಗೆತ್ತಿಕೊಂಡು ನಿಧಾನವಾಗಿ ಓದಿದಳು, ಮಕ್ಕಳ ಉತ್ತರ ಪತ್ರಿಕೆ ಓದುವ ಹಾಗೆ. ಬ್ಯಾಗಿನ ಜಿಪ್ಪು ತೆರೆದೇ ಇತ್ತು.

ಪತ್ರವನ್ನು ನಾಲ್ಕಾಗಿ ಮಡಿಸಿದಳು. ಹಳೆಯ ಎರಡರ ಕೆಳಗೆ, ನನ್ನ ತಳಕ್ಕೆ ತುರುಕಿದಳು.

“ಕಾಗದ ಮರೀಬೇಡ ಕಣೇ!” ಎಂದ ಶ್ರೀಕಂಠ, ಪೇಪರಿನ ಹಿಂದಿನಿಂದ.

“ಮರ್ತಿಲ್ಲ ರೀ.”

ಮುಚ್ಚಳ ಹಾಕಿ, ಉಳಿದ ಅರ್ಧವನ್ನೂ ಒರೆಸಿದಳು. ಹೆಬ್ಬೆರಳು ಐದನೆಯ ಜಿಂಕೆಯ ಸವೆದ ಬೆನ್ನಿನ ಮೇಲೆ ನಿಂತಿತು. ಅತ್ತೆಯ ಬೆರಳು ನಿಲ್ಲುತ್ತಿದ್ದ ಜಾಗವೇ. ನನಗೆ ಬಾಯಿ ಇದ್ದಿದ್ದರೆ ಖೈರುನ್ನಿಸಾರ ಮಾತನ್ನು ಇವಳಿಗೆ ಹೇಳುತ್ತಿದ್ದೆ.

ನನಗೆ ಬೀಗ ಹಾಕಿದಳು. ಕೀಲಿಯನ್ನು ಎಂದಿನಂತೆ ಮೊಳೆಗೆ ತೂಗುಹಾಕಲಿಲ್ಲ. ಸಂದೂಕದಿಂದ ಒಂದು ಹಳೆಯ ಹತ್ತಿ ಸೀರೆ ತೆಗೆದು ನನ್ನನ್ನು ಸುತ್ತಿ, ಅದೇ ಸಂದೂಕದಲ್ಲಿ ತನ್ನ ಬಟ್ಟೆಗಳ ನಡುವೆ ಇಟ್ಟಳು. ಕೀಲಿ ಬ್ಯಾಗಿಗೆ ಬಿದ್ದ ಸದ್ದು ನನಗೆ ಕೇಳಿಸಿತು. ಆಮೇಲೆ ಜಿಪ್ಪು ಎಳೆದ ಸದ್ದು.

“ಬರ್ತೀನಿ ರೀ. ಸಾರು ಬಿಸಿ ಮಾಡ್ಕೊಳ್ಳಿ” ಎಂದಳು, ಅಷ್ಟೇ.