ಎರಡನೆಯ ಕೂಗು

ಮಂಗಟ್ಟೆಯನ್ನು ಹಕ್ಕಿಯ ಪಟ್ಟಿಗೆ ಬರೆಯಬೇಕೋ ಮಂಗನ ಪಟ್ಟಿಗೋ ಎಂದು ಪ್ರೇಕ್ಷಾ ಕೇಳಿದಾಗ ಕಾಶಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಕಾರವಾರದಿಂದ ಎರಡು ದಿನದ ರಜೆಗೆಂದು ರಾಮನಗುಳಿಯ ಹೋಂಸ್ಟೇಗೆ ಬಂದವರನ್ನು ಬೆಳಿಗ್ಗೆ ಗಂಗಾವಳಿಯ ದಂಡೆಗೆ ಕರೆತಂದು ಹಕ್ಕಿ ತೋರಿಸುವುದು ಅವನ ಕೆಲಸ.

"ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತದ್ದು ಮಂಗ ಹೆಂಗಾಗ್ತದೆ ತಂಗಿ? ಹಕ್ಕಿ ಬದಿಗೇ ಬರೆ. ಮಂಗನ ಬದಿಗೆ ಅಲ್ನೋಡು, ಮುಸಿಯ."

ನದಿಯ ಮೇಲೆ ಬಾಗಿದ ಮರದಲ್ಲಿ ಕರಿಮೂತಿಯ ಮುಸಿಯಗಳು ಬಾಲ ಇಳಿಬಿಟ್ಟು ಕೂತಿದ್ದವು. ಪ್ರೇಕ್ಷಾ ಎಣಿಸಿ ಬರೆದುಕೊಂಡಳು. ಅವಳ ಅಪ್ಪ ರೂಪೇಶ ಮೊಬೈಲು ಎತ್ತಿ ಹಿಡಿದು ಕಾಡಿನ ದನಿಗಳನ್ನು ರೆಕಾರ್ಡ್ ಮಾಡುತ್ತಿದ್ದ. ನೀತಾ ಮಾತ್ರ ದುರ್ಬೀನು ಕಣ್ಣಿಗೆ ಹಚ್ಚದೆ, ಮಗಳಿಗೂ ನೀರಿಗೂ ಎಷ್ಟು ಹೆಜ್ಜೆ ಎಂದು ನೋಡುತ್ತ ನಿಂತಿದ್ದಳು. ಹೆಂಡತಿಯ ತಮ್ಮ ಸುಜಯ ಚಿಕ್ಕಂದಿನಲ್ಲೇ ನೀರಿಗೆ ಹೋದನೆಂದು ರೂಪೇಶನಿಗೆ ಗೊತ್ತಿತ್ತು. ಯಾವ ನೀರು ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಬಾಲದ ತುದಿಗೆ ಎರಡು ಎಲೆ ಕಟ್ಟಿಕೊಂಡಂತಿದ್ದ ಕರಿ ಹಕ್ಕಿಯೊಂದು ಎದುರಿನ ಕೊಂಬೆಗೆ ಬಂದು ಕೂತಿತು.

"ಭೀಮರಾಜ," ಕಾಶಿ ಪಿಸುಗುಟ್ಟಿದ. "ಕಂಡೋರ ದನಿ ಕದಿಯೂದೇ ಇದರ ಕೆಲ್ಸ. ಹೋಂಸ್ಟೇ ಯಶೋದಕ್ಕ ಕೋಳಿ ಕರೆಯೂದನ್ನೂ ಕಲ್ತದೆ."

ಹಕ್ಕಿ ಮುಸಿಯದಂತೆ ಕೆಮ್ಮಿತು. ಬಾ ಬಾ ಬಾ ಎಂದು ಕೋಳಿ ಕರೆಯಿತು. ಆಮೇಲೆ, ಐದಾರು ವರ್ಷದ ಹುಡುಗನ ದನಿಯಲ್ಲಿ, ಒಂದೇ ಸಲ ಕೂಗಿತು: "ಅಕ್ಕಾ."

ಓ ಎನ್ನಹೊರಟ ಪ್ರೇಕ್ಷಾಳ ಬಾಯಿಯನ್ನು ನೀತಾ ಮುಚ್ಚಿದಳು. "ಒಂದೇ ಕೂಗಿಗೆ ಓಗೊಡಬಾರದು. ಎರಡನೇ ಸಲ ಕರೆದ್ರೆ ಮಾತ್ರ ಮನುಷ್ಯರು."

"ಹಕ್ಕಿಗೂ ಶಾಸ್ತ್ರವೇನೆ?" ರೂಪೇಶ ನಕ್ಕ. ನೀತಾ ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಮಕ್ಕಳ ಬಾಯಲ್ಲಿ ಅಕ್ಕೋರು. "ಅಕ್ಕೋರೆ ಅನ್ನೂಕೆ ಹೋಗಿ ಪಾಪ, ಅರ್ಧಕ್ಕೇ ಉಸಿರು ನಿಂತ್ತು."

ನೀತಾ ಕಾಶಿಯ ಕಡೆ ತಿರುಗಿದಳು. "ಇದು ಎಲ್ಲಿ ಕಲಿತದ್ದು?"

"ಇದಲ್ಲ ಅಕ್ಕೋರೆ, ಇದರ ಅಜ್ಜನೋ ಮುತ್ತಜ್ಜನೋ. ಮರಿ ದೊಡ್ಡದರ ಬಾಯಿಂದ ಕಲೀತದೆ. ನಮ್ಮಪ್ಪನೂ ಕೇಳಿದ್ದ. ಒಂದು ಸಲ ಅಂತದೆ, ಅಷ್ಟೇ. ಎರಡನೇ ಸಲ ಇಲ್ಲ."

ಎರಡನೇ ಸಲ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಇದೇ ದಂಡೆಯ ಮೇಲಿದ್ದ ಸೋದರತ್ತೆಯ ಅಂಗಳದಲ್ಲಿ, ಹನ್ನೊಂದು ವರ್ಷದ ನೀತಾ ಕೋಲು ಹಿಡಿದು ಮಂಗಗಳಿಂದ ಹಪ್ಪಳ ಕಾಯುತ್ತಿದ್ದಳು. ಮಟಮಟ ಮಧ್ಯಾಹ್ನ ನದಿಯ ಕಡೆಯಿಂದ ಸುಜಯನ ದನಿಯಲ್ಲಿ ಕೂಗು ಬಂತು. ದೆವ್ವ ಒಂದೇ ಸಲ ಕರೆಯುತ್ತದೆ, ಓಗೊಟ್ಟರೆ ಒಯ್ಯುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ನೀತಾ ಎರಡನೆಯ ಕೂಗಿಗೆ ಕಾದಳು. ಹಪ್ಪಳದ ಅಂಚು ಬಿಸಿಲಿಗೆ ಮುರುಟುವವರೆಗೂ ಕಾದಳು.

ಏನೂ ಕೇಳಲಿಲ್ಲ ಎಂದು ಅಂದು ಎಲ್ಲರಿಗೂ ಹೇಳಿದಳು. ತಾಯಿ ಮಂಗಲಾ ಪ್ರತಿವರ್ಷ ಆ ದಿನ ಅವನ ಹೆಸರಿನ ಎಲೆ ಹಾಕುವ ಮೊದಲು ಕೇಳುತ್ತಾಳೆ: "ಒಂದು ಸಲನೂ ಕರೀಲೇ ಇಲ್ವನೇ ಅಂವ?" "ಇಲ್ಲ ಆಯಿ," ಎನ್ನುತ್ತಾಳೆ ನೀತಾ.

ಮಧ್ಯಾಹ್ನ ಹೋಂಸ್ಟೇಯಲ್ಲಿ ಊಟಕ್ಕೆ ಕೂತಾಗ ಅವಳ ಫೋನು ಬಡಿಯಿತು. ವೈಫೈ ಸಿಕ್ಕಿದ್ದೇ ತಡ, ರೂಪೇಶ ರೆಕಾರ್ಡಿಂಗನ್ನು ಮನೆಯವರ ಗುಂಪಿಗೆ ಕಳಿಸಿಬಿಟ್ಟಿದ್ದ.

"ಯಾವ ಊರು ಅದು?" ತಾಯಿಯ ದನಿ.

"ರಾಮನಗುಳಿ."

ಆ ಕಡೆ ಟೀವಿಯ ಸದ್ದು ನಿಂತಿತು. "ಅಳಿಯಂದಿರು ಹಕ್ಕಿ ಅಂತ ಬರದಾರೆ."

"ಹಕ್ಕಿಯೇ ಆಯಿ."

"ನನ್ನ ಮಗನ ದನಿ ನಂಗೆ ಗೊತ್ತಾಗೂದಿಲ್ವ? ಹಕ್ಕಿಗೆ ಕೇಳಿದ್ದು ನಿಂಗೆ ಕೇಳಲಿಲ್ವನೇ ನೀತಾ?"

ಇಲ್ಲ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ವರ್ಷ ವರ್ಷ ಹೇಳಿ ನುಣುಪಾದ ಮಾತು. ಎದುರಿಗೆ ಮಗಳು ಅನ್ನ ಕಲಸುತ್ತ, ಅಕ್ಕಾ, ಅಕ್ಕಾ ಎಂದು ಹಕ್ಕಿಯನ್ನು ಅಣಕಿಸುತ್ತಿದ್ದಳು.

"ಕೇಳಿತ್ತು," ಎಂದಳು ನೀತಾ. "ಒಂದೇ ಸಲ. ಎರಡನೇದಕ್ಕೆ ಕಾದೆ."

ತಾಯಿ ಅಳಲಿಲ್ಲ. "ನಾ ಬಸ್ಸು ಹತ್ತತೆ. ನಾ ಬರೂತನಕ ದಂಡೆಗೆ ಹೋಗಿ ನಿಂತ್ಕೊ. ಅಂವ ಕರದದ್ದು ನಿನ್ನ. ಓಗೊಡು."

ನೀತಾ ಎಂಜಲು ಕೈಯಲ್ಲೇ ಎದ್ದು ನಡೆದಳು. ರೂಪೇಶ ಹಿಂದಿನಿಂದ ಎರಡು ಸಲ ಕರೆದ. ಅವಳು ತಿರುಗಲಿಲ್ಲ.

ಕೊಂಬೆಯಲ್ಲಿ ಹಕ್ಕಿ ಇರಲಿಲ್ಲ. ಯಾರೂ ಕರೆಯದೆ ಓಗೊಡುವುದು ಹೇಗೆಂದು ತಿಳಿಯದೆ ನೀರಿನ ಅಂಚಿಗೆ ನಿಂತಳು. ಮೊದಲು ಬಾಯಿಂದ ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಾಗ ದನಿ ಹೊರಟಿತು, ಹನ್ನೊಂದು ವರ್ಷದವಳ ಸಣ್ಣ ದನಿ: "ಓ."

ಮರದ ಮೇಲೆ ಒಂದೊಂದೇ ಮುಸಿಯ ತಲೆ ತಿರುಗಿಸಿ, ಅವಳ ಕಾಲಬುಡದ ನೀರನ್ನು ನೋಡತೊಡಗಿತು.