ಕೆಂಪು ಪೆನ್ಸಿಲ್ ಬೀಳದ ಮೂರು ಸಂಚಿಕೆ

ನಮ್ಮೂರಿನ ವಾರಪತ್ರಿಕೆಯನ್ನು ಮೂವತ್ತೊಂದು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಬುಧವಾರ ಪತ್ರಿಕೆ ಮನೆಮನೆ ಸೇರುತ್ತದೆ. ಶುಕ್ರವಾರ ಅದರದೇ ಒಂದು ಪ್ರತಿ ಅಂಚೆಯಲ್ಲಿ ನನಗೆ ವಾಪಸ್ ಬರುತ್ತಿತ್ತು. ಕಳಿಸುವವರು ಮಿಸ್ ಹಾಗೆನ್, ನಾಲ್ಕನೇ ತರಗತಿಯಲ್ಲಿ ನನಗೆ ಬರೆಯಲು ಕಲಿಸಿದವರು. ನನಗಷ್ಟೇ ಅಲ್ಲ, ನಮ್ಮೂರು ಆರ್ಲೆನ್ ಬ್ರಿಜ್‌ನ ಅರ್ಧ ಜನಕ್ಕೆ. ನಿವೃತ್ತರಾದ ಮೇಲೆ ತಿದ್ದಲು ನೋಟ್‌ಬುಕ್ಕುಗಳಿಲ್ಲದೆ ನನ್ನ ಪತ್ರಿಕೆಗೆ ಗಂಟುಬಿದ್ದರು. ತಪ್ಪು ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನ ಸುತ್ತು, ಮೇಲಿನ ಮೂಲೆಯಲ್ಲಿ ಒಟ್ಟು ಎಷ್ಟೆಂಬ ಅಂಕಿ. ಒಂಬತ್ತು, ಹನ್ನೆರಡು, ಒಂದು ಕ್ರಿಸ್‌ಮಸ್ ಸಂಚಿಕೆಗೆ ಮೂವತ್ತನಾಲ್ಕು. ಶಭಾಷ್ ಎಂಬ ಮಾತು ಒಮ್ಮೆಯೂ ಇಲ್ಲ. ಐವತ್ತೆಂಟು ವರ್ಷದ ನಾನು ಆ ಒಂದು ಮಾತಿಗಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆ.

ನಿಧನವಾರ್ತೆಗಳನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಮನೆಯವರು 'ಪ್ರಭುವಿನ ಸನ್ನಿಧಿ ಸೇರಿದರು', 'ಚಿರನಿದ್ರೆಗೆ ಜಾರಿದರು' ಅಂತ ಬರೆದುಕೊಟ್ಟರೆ ನಾನು ಹಾಗೇ ಅಚ್ಚು ಹಾಕುತ್ತಿದ್ದೆ. ಅವರು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಸತ್ತರು' ಎಂದು ಬರೆಯುತ್ತಿದ್ದರು. ಒಮ್ಮೆ ಅಂಚೆಕಚೇರಿಯಲ್ಲಿ ಎಲ್ಲರೆದುರಿಗೇ ದಬಾಯಿಸಿದರು.

“ನಿದ್ದೆ ಹೋದವ್ರು ಬೆಳಿಗ್ಗೆ ಏಳ್ತಾರೆ ಕ್ಲಿಫರ್ಡ್. ಆಗಿದ್ದನ್ನ ಆದ ಹಾಗೆ ಬರಿ.”

ಈ ಮಾರ್ಚ್‌ನಲ್ಲಿ ಒಂದು ಶುಕ್ರವಾರ ಬಂದ ಪ್ರತಿಯಲ್ಲಿ ಒಂದೂ ಸುತ್ತು ಇರಲಿಲ್ಲ. ತಿರುವಿ ತಿರುವಿ ನೋಡಿದೆ. ಮುಂದಿನ ವಾರವೂ ಇಲ್ಲ. ಮೂರನೇ ವಾರ ಮುಖಪುಟದ ತಲೆಬರಹದಲ್ಲೇ ಇಂಗ್ಲಿಷಿನ 'ಜಿ' ಅಕ್ಷರ ಉದುರಿ ನಮ್ಮೂರಿನ ಬ್ರಿಜ್ ಬ್ರೈಡ್ ಆಗಿಬಿಟ್ಟಿತ್ತು. ಸೇತುವೆ ಹೋಗಿ ಮದುಮಗಳು ಬಂದು ನಿಂತಿದ್ದಳು. ಮದುವೆ ಊಟ ಯಾವತ್ತು ಅಂತ ಕಾಫಿ ಅಂಗಡಿಯಲ್ಲಿ ಕೇಳದವರಿಲ್ಲ. ಮಿಸ್ ಹಾಗೆನ್ ಅದಕ್ಕೂ ಸುತ್ತು ಹಾಕಿರಲಿಲ್ಲ. ಅಂತೂ ನನ್ನನ್ನು ಪಾಸು ಮಾಡಿದರು, ಸಣ್ಣಪುಟ್ಟದ್ದನ್ನು ಕ್ಷಮಿಸಿದರು ಎಂದುಕೊಂಡೆ. ಹೆಂಡತಿಗೆ ತೋರಿಸಿ ಹಿಗ್ಗಿದೆ. ಅವರ ಮನೆ ನಾಲ್ಕು ಬೀದಿ ಆಚೆ. ಹೋಗಿ ಮಾತಾಡಿಸಬೇಕೆನಿಸಿತು. ಮಂಜುಗಡ್ಡೆಯ ಮೇಲೆ ಆಡುವ ಕರ್ಲಿಂಗ್ ಪಂದ್ಯಗಳ ವರದಿ ಮುಗಿಯಲಿ, ಹಿಮ ಸ್ವಲ್ಪ ಕರಗಲಿ ಎಂದು ಮುಂದೂಡಿದೆ.

ಆ ಶುಕ್ರವಾರ ಕಳೆದು ಎರಡೇ ದಿನಕ್ಕೆ, ಭಾನುವಾರ ಬೆಳಿಗ್ಗೆ, ಅವರು ಹೋಗಿಬಿಟ್ಟರು. ನೋಡಿ, ಈಗಲೂ ನನ್ನ ಬಾಯಿಗೆ ಆ ಮಾತು ಬರುತ್ತಿಲ್ಲ.

ಮದುವೆಯಾದವರಲ್ಲ, ಹತ್ತಿರದ ಬಂಧುಗಳಿಲ್ಲ. ಹಾಗಾಗಿ ನಿಧನವಾರ್ತೆ ಬರೆಯುವುದು ನನ್ನ ಪಾಲಿಗೆ ಬಂತು. ಒಂದು ತಪ್ಪೂ ಇರಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಕೊನೆಯ ಸಾಲನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ: 'ಕೊನೆಯ ಮೂರು ವಾರ ಅವರಿಗೆ ಈ ಪತ್ರಿಕೆಯಲ್ಲಿ ಒಂದು ತಪ್ಪೂ ಕಾಣಲಿಲ್ಲ.' ನನಗೆ ಸಿಕ್ಕಿದ್ದ ಒಂದೇ ಒಂದು ಬಹುಮಾನವನ್ನು ಊರಿಗೆಲ್ಲ ತೋರಿಸುವ ಆಸೆ.

ಹುಟ್ಟಿದ ವರ್ಷ ಕೇಳೋಣವೆಂದು ಅವರ ಪಕ್ಕದ ಮನೆಯ ವೆರ್ನಾ ಕೋವಲ್ ಅವರ ಹತ್ತಿರ ಹೋದೆ. ಆಕೆ ಚರ್ಚಿನ ಊಟಕ್ಕೆಂದು ಮೊಟ್ಟೆ ಬೇಯಿಸಿ ಸುಲಿಯುತ್ತಿದ್ದರು. ವರ್ಷ ಹೇಳಿದರು. ನಾನು ಹೆಮ್ಮೆಯಿಂದ ಆ ಕೊನೆಯ ಸಾಲನ್ನು ಓದಿದೆ. ಆಕೆಯ ಕೈ ನಿಂತಿತು.

“ಅವ್ರಿಗೆ ಕಣ್ಣೇ ಕಾಣ್ತಿರ್ಲಿಲ್ಲ ಕ್ಲಿಫ್. ರೆಜೈನಾದ ದೊಡ್ಡಾಸ್ಪತ್ರೆಗೆ ಹೋಗಿ ತೋರ್ಸಿದ್ದೂ ಆಯ್ತು, ಏನೂ ಮಾಡಕ್ಕಾಗಲ್ಲ ಅಂದ್ರು. ಯಾರಿಗೂ ಹೇಳ್ಬೇಡ ಅಂತ ನನ್ ಹತ್ರ ಮಾತು ತಗೊಂಡಿದ್ರು.”

ಹಾಗಾದರೆ ಪತ್ರಿಕೆ ಕಳಿಸುತ್ತಿದ್ದುದು ಯಾರು ಎಂದು ಕೇಳಿದೆ.

“ನಾನೇ. ಲಕೋಟೆಗೆ ಹಾಕಿ ಪೋಸ್ಟ್ ಮಾಡು ಅಂತ ಒಂದೇ ಹಟ. ಖಾಲಿ ಪೇಪರ್ ಯಾಕೆ ಕಳ್ಸೋದು ಅಂದೆ. ‘ತಪ್ಪೇ ಇಲ್ಲ ಅಂದ್ರೆ ಕ್ಲಿಫರ್ಡ್ ನಂಬಲ್ಲ, ಏನಾಯ್ತೋ ಅಂತ ಓಡಿ ಬರ್ತಾನೆ’ ಅಂದ್ರು. ಮದುಮಗಳ ತಪ್ಪು ನಂಗೂ ಗೊತ್ತಾಯ್ತು, ಓದಿ ಹೇಳ್ದೆ. ಕಣ್ಣಲ್ಲಿ ನೀರು ಬರೋ ಹಂಗೆ ನಕ್ರು. ‘ಇದನ್ನೂ ಬಿಟ್ಟೆ ಅಂದ್ರೆ ಬಂದೇ ಬರ್ತಾನೆ’ ಅಂದ್ರು.”

ವೆರ್ನಾ ನನ್ನ ಮುಖ ನೋಡದೆ ಮುಂದಿನ ಮೊಟ್ಟೆ ಎತ್ತಿಕೊಂಡರು.

“ಮೂರು ಶನಿವಾರವೂ ಕಾಫಿಗೆ ಎರಡು ಕಪ್ ಇಡ್ಸಿದ್ರು.”

ಇಷ್ಟು ವರ್ಷ ನನ್ನ ಒಂದು ಅಲ್ಪವಿರಾಮವನ್ನೂ ಬಿಡದ ಹೆಂಗಸು ಮದುಮಗಳನ್ನು ಬಿಟ್ಟರೆಂದರೆ ಏನರ್ಥ ಎಂದು ನಾಲ್ಕನೇ ತರಗತಿಯ ಮಗುವಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಹೊಗಳಿಕೆಯ ಆಸೆ ನನ್ನನ್ನು ಅಷ್ಟು ಕುರುಡು ಮಾಡಿತ್ತು. ಕಚೇರಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ಮೇಜಿನ ಖಾನೆಯಿಂದ ಕೆಂಪು ಪೆನ್ಸಿಲ್ ತೆಗೆದು ನಾನು ಬರೆದಿದ್ದನ್ನು ತಿದ್ದಲು ಕೂತೆ. 'ಚಿರನಿದ್ರೆ' ಹೋಯಿತು. ಕೊನೆಯ ಸಾಲಿನಲ್ಲಿ ನಾಲ್ಕು ಪದ ಹೊಡೆದು ಒಂದು ಪದ ಸೇರಿಸಿದೆ, ಅದರ ಕೆಳಗೆ ಇನ್ನೊಂದು ಸಾಲು ಬರೆದೆ. ಬುಧವಾರ ಅದು ಹೀಗೆ ಅಚ್ಚಾಯಿತು:

'ಮಿಸ್ ಹಾಗೆನ್ ಭಾನುವಾರ ಬೆಳಿಗ್ಗೆ ಸತ್ತರು. ಕೊನೆಯ ಮೂರು ವಾರ ಅವರಿಗೆ ಕಣ್ಣು ಕಾಣಲಿಲ್ಲ. ನಾಲ್ಕು ಬೀದಿ ಆಚೆ ಇದ್ದ ಈ ಪತ್ರಿಕೆಯ ಸಂಪಾದಕ ಹೋಗಿ ನೋಡಲಿಲ್ಲ.'